ಹಡಗಿನಲ್ಲಿ ಇಬ್ಬರ ಕೋಣೆ

ಹಲ್ಲಿನ ಸೆಟ್ಟು ಕಟ್ಟುವ ಆ ಲ್ಯಾಬಿನಲ್ಲಿ ಮಾತಾಡಲು ದಿನಕ್ಕೊಂದೇ ಸಲ ಪುರಸೊತ್ತು ಸಿಗುತ್ತಿತ್ತು. ಬೆಳಿಗ್ಗೆ ಊರಿನ ಬೇರೆ ಬೇರೆ ದಂತವೈದ್ಯರಿಂದ ಡಬ್ಬಿಗಳಲ್ಲಿ ಬಾಯಿಯ ಅಚ್ಚುಗಳು ಬರುತ್ತವೆ. ಅವಕ್ಕೆ ಪ್ಲಾಸ್ಟರ್ ಕಲಸಿ ಹೊಯ್ದು, ಗಟ್ಟಿಯಾಗುವ ತನಕ ಕೈಕಟ್ಟಿ ಕೂರಬೇಕು. ಪ್ಲಾಸ್ಟರ್ ಮೊದಲು ಬೆಚ್ಚಗಾಗುತ್ತದೆ, ಆಮೇಲೆ ತಣ್ಣಗಾಗುತ್ತದೆ. ತಣ್ಣಗಾದ ಮೇಲೆ ಬಿಡಿಸಿದರೆ ಯಾರದೋ ಬೋಳು ಒಸಡು ಬೆಳ್ಳಗೆ ಕೈಗೆ ಬರುತ್ತದೆ. ಅಲ್ಲಿಗೆ ಮಾತು ಮುಗಿಯಿತು. ಮೋಟರುಗಳು ಶುರುವಾಗಿ, ಮೂಗಿಗೆ ಮಾಸ್ಕು ಏರಿತೆಂದರೆ ಸಂಜೆಯವರೆಗೆ ಒಬ್ಬರು ಹೇಳಿದ್ದು ಇನ್ನೊಬ್ಬರಿಗೆ ಕೇಳುವುದಿಲ್ಲ. ಹಾಗಾಗಿ ಇದ್ದಬದ್ದ ಸುಖದುಃಖವನ್ನೆಲ್ಲ ಆ ಚೂರು ಹೊತ್ತಿನಲ್ಲೇ ತುರುಕಬೇಕಿತ್ತು.

ಅಲ್ಲಿ ಹೆಸರು ಹಿಡಿದು ಕರೆಯುವ ಅಭ್ಯಾಸವಿರಲಿಲ್ಲ. ಮೇಣದ ಮೇಲೆ ಹಲ್ಲುಗಳನ್ನು ಸಾಲಾಗಿ ಕೂರಿಸುವವಳು ಮೇಣದಮ್ಮ, ಸಿದ್ಧವಾದ ಸೆಟ್ಟಿಗೆ ಹೊಳಪು ಕೊಡುವವಳು ಪಾಲಿಶಕ್ಕ. ಯಜಮಾನರು ಇಟ್ಟ ಹೆಸರುಗಳು. ಅವರ ತಲೆಯಲ್ಲಿ ಅದಕ್ಕಿಂತ ಹೆಚ್ಚಿನದು ಹುಟ್ಟುತ್ತಲೂ ಇರಲಿಲ್ಲ. ಪಾಲಿಶಕ್ಕನಿಗೆ ಗಂಡ, ಮಗ, ಸೊಸೆ, ಮನೆತುಂಬ ಜನ, ಬಾಯಿತುಂಬ ಮಾತು. ಮೇಣದಮ್ಮ ಅವಳಿಗಿಂತ ಐದಾರು ವರ್ಷಕ್ಕೆ ಚಿಕ್ಕವಳು, ಐವತ್ತರ ಆಸುಪಾಸು, ಮದುವೆಯಾಗಿರಲಿಲ್ಲ. ಅಮ್ಮ ಇರುವ ತನಕ ಅಮ್ಮನನ್ನು ನೋಡಿಕೊಂಡಳು. ಅಮ್ಮ ಹೋದ ಮೇಲೆ ಅವಳು ನೋಡಿಕೊಳ್ಳಬೇಕಾದವರು ಯಾರೂ ಉಳಿಯಲಿಲ್ಲ, ಅವಳನ್ನು ನೋಡಿಕೊಳ್ಳುವವರಂತೂ ಮೊದಲೇ ಇರಲಿಲ್ಲ. ಒಬ್ಬ ಅಣ್ಣ ಬೇರೆ ಊರಿನಲ್ಲಿದ್ದ. ಅಪರೂಪಕ್ಕೊಮ್ಮೆ ಫೋನ್ ಮಾಡಿ, ಚೆನ್ನಾಗಿದ್ದೀಯಾ ಎಂದು ಕೇಳಿ, ಉತ್ತರ ಬರುವ ಮೊದಲೇ ಸರಿ ಹಾಗಾದರೆ ಎನ್ನುವ ಜಾತಿಯವನು.

ದ್ವೀಪ ಅವರ ಬಾಯಿಗೆ ಬಂದದ್ದು ಒಂದು ಡಬ್ಬಿಯ ದೆಸೆಯಿಂದ. ಎಷ್ಟೋ ವರ್ಷದ ಹಿಂದೆ ಬಂದ ಆ ಡಬ್ಬಿಯ ಮೇಲೆ ಇಬ್ಬರೂ ಕೇಳಿರದ ಊರೊಂದರ ಹೆಸರಿತ್ತು. ಯಜಮಾನರನ್ನು ಕೇಳಿದರೆ ಅದು ಊರಲ್ಲ, ನಡುಸಮುದ್ರದ ಒಂದು ದ್ವೀಪ, ವರ್ಷಕ್ಕೊಮ್ಮೆ ಯಾರೋ ಡಾಕ್ಟರು ಹೋಗಿ ಅಲ್ಲಿಯ ಮುದುಕರ ಬಾಯಿ ನೋಡಿ ಬರುತ್ತಾರೆ ಎಂದರು. ಅಗಲವಾದ, ಒಳ್ಳೆ ಗಟ್ಟಿಮುಟ್ಟಾದ ದವಡೆ. ಮೇಣದಮ್ಮ ಅದಕ್ಕೆ ಹಲ್ಲು ಕೂರಿಸಿದಳು, ಪಾಲಿಶಕ್ಕ ಹೊಳಪು ಕೊಟ್ಟಳು, ಸೆಟ್ಟು ಹಡಗು ಹತ್ತಿ ಹೋಯಿತು. ನಾವು ಕಟ್ಟಿದ ಹಲ್ಲು ಅಲ್ಲಿ ಕೂತು ಮೀನು ತಿನ್ನುತ್ತಿದೆ, ನಾವು ಇಲ್ಲಿ ಕೂತು ಧೂಳು ತಿನ್ನುತ್ತಿದ್ದೇವೆ ಎಂದು ಪಾಲಿಶಕ್ಕ ನಕ್ಕಳು. ನಕ್ಕು, ಒಂದು ಸಲ ನಾವಿಬ್ಬರೂ ಹೋಗಿ ಬರೋಣ ಕಣೇ ಎಂದಳು. ಮೊದಲು ಹೇಳಿದವಳು ಅವಳೇ. ಮುಂದೆ ಆದದ್ದಕ್ಕೆಲ್ಲ ಮೇಣದಮ್ಮನೊಬ್ಬಳನ್ನೇ ಹುಚ್ಚಿ ಎನ್ನುವವರು ಇದನ್ನು ಮರೆಯಬಾರದು.

ಅಂದಿನಿಂದ ಪ್ಲಾಸ್ಟರಿನ ಹೊತ್ತೆಲ್ಲ ದ್ವೀಪಕ್ಕೆ ಮೀಸಲಾಯಿತು. ಹೋಗುವುದೇನೋ ಸರಿ, ಕೈಯಲ್ಲಿ ಕಾಸಿಲ್ಲದವರು ಹೋಗುವುದು ಹೇಗೆ? ವಿಮಾನದ ಮಾತೇ ಬೇಡ. ಪ್ರವಾಸಿಗರ ಹಡಗೊಂದಿತ್ತು, ಅದರಲ್ಲಿ ಊಟದ ಹೊತ್ತಿಗೆ ವಾದ್ಯ ಬಾರಿಸುತ್ತಾರಂತೆ. ಆ ವಾದ್ಯದ ದುಡ್ಡನ್ನೂ ನಮ್ಮಿಂದಲೇ ಕೀಳುತ್ತಾರೆ ಎಂದು ಪಾಲಿಶಕ್ಕ ಅದನ್ನು ತಳ್ಳಿಹಾಕಿದಳು. ಉಳಿದದ್ದು ದ್ವೀಪಕ್ಕೆ ಅಕ್ಕಿ, ಸಿಮೆಂಟು, ಗ್ಯಾಸ್ ಸಿಲಿಂಡರು ಒಯ್ಯುವ ಸರಕಿನ ಹಡಗು. ಅದರ ಹಿಂಬದಿಯಲ್ಲಿ ಜನರಿಗೆಂದು ಕೆಲವು ಕೋಣೆಗಳಿದ್ದವು. ದ್ವೀಪದಲ್ಲಿ ಹೋಟೆಲಿಲ್ಲ, ಹಡಗು ನಿಲ್ಲುವ ಧಕ್ಕೆಯ ಹತ್ತಿರ ಒಬ್ಬ ವಿಧವೆ ತನ್ನ ಮನೆಯ ಹಿಂದಿನ ಕೋಣೆಯನ್ನು ಬಾಡಿಗೆಗೆ ಕೊಡುತ್ತಾಳೆ. ಒಲೆ, ಪಾತ್ರೆ, ಚಹಾಪುಡಿ, ಮೊಟ್ಟೆ ನಾವೇ ಒಯ್ದರೆ ಊಟದ ಖರ್ಚೂ ಇಲ್ಲ. ಒಂದು ಸೋಪನ್ನು ಅರ್ಧ ಮಾಡಬೇಕೋ, ಇಬ್ಬರಿಗೂ ಒಂದೇ ಕೊಡೆ ಸಾಲುತ್ತದೋ ಎನ್ನುವುದರ ಮೇಲೆ ವಾರಗಟ್ಟಲೆ ಜಗಳವಾಯಿತು. ಮೂರು ಜೊತೆ ಬಟ್ಟೆಯನ್ನು ಒಂದರ ಮೇಲೊಂದು ಹಾಕಿಕೊಂಡೇ ಹಡಗು ಹತ್ತಿದರೆ ಚೀಲ ಹಗುರ ಎಂದು ಪಾಲಿಶಕ್ಕ ಉಪಾಯ ಹೇಳಿದಳು. ಹಾಗಾದರೆ ಎಲ್ಲರೂ ಈಜಿ ಮುಗಿಸಿ ಬರುವ ಹೊತ್ತಿಗೆ ನೀನು ದಡದಲ್ಲಿ ಇನ್ನೂ ಬಟ್ಟೆ ಕಳಚುತ್ತಾ ಕೂತಿರುತ್ತೀಯ ಎಂದಳು ಮೇಣದಮ್ಮ. ಯಜಮಾನರು ಪಕ್ಕದ ಕೋಣೆಯಿಂದ ಗಂಟಲು ಸರಿಮಾಡಿಕೊಳ್ಳುವಷ್ಟು ಇಬ್ಬರೂ ನಕ್ಕರು.

ಪಾಲಿಶಕ್ಕ ಸಂಜೆ ಬಟ್ಟೆಯ ಮೇಲಿನ ಬಿಳಿ ಪುಡಿಯನ್ನು ಕೊಡವಿಕೊಂಡು ಮನೆಗೆ ಹೋದರೆ ದ್ವೀಪವೂ ಅದರ ಜೊತೆ ಉದುರಿಹೋಗುತ್ತಿತ್ತು. ಅಲ್ಲಿ ಅವಳಿಗೆ ನೂರೆಂಟು ಗಲಾಟೆ. ಮೇಣದಮ್ಮನ ಸಂಗತಿ ಬೇರೆ. ಟೈರು ರಿಪೇರಿ ಅಂಗಡಿಯ ಮೇಲಿನ ಒಂಟಿ ಕೋಣೆ ಅವಳದು. ಬೀಗ ತೆಗೆದು, ದೀಪ ಹಾಕಿ, ಬೆಳಿಗ್ಗೆ ಮಾಡಿಟ್ಟದ್ದನ್ನು ಬಿಸಿಮಾಡಿ ಉಂಡರೆ ಅಲ್ಲಿಗೆ ದಿನದ ಕೆಲಸ ಮುಗಿಯಿತು, ದಿನ ಮಾತ್ರ ಮುಗಿಯುತ್ತಿರಲಿಲ್ಲ. ಅವಳು ದ್ವೀಪವನ್ನು ಹಿಡಿದುಕೊಂಡು ಕೂರುತ್ತಿದ್ದಳು. ಯಾವ ತಿಂಗಳು ಸಮುದ್ರ ಕೆರಳುತ್ತದೆ, ಮೈಗೆ ತಾಗಿದರೆ ಉರಿಯುವ ಲೋಳೆಮೀನು ಯಾವ ಕಡೆಯ ದಡಕ್ಕೆ ಬರುತ್ತದೆ, ಕುಡಿಯುವ ನೀರಿನ ಬಾವಿ ವಿಧವೆಯ ಮನೆಯಿಂದ ಎಷ್ಟು ದೂರ, ಎಲ್ಲವನ್ನೂ ಹುಡುಕಿ ತೆಗೆದಳು. ಹಡಗಿನ ಆಫೀಸಿಗೆ ಎಷ್ಟು ಸಲ ಫೋನ್ ಮಾಡಿದ್ದಳೆಂದರೆ ಅಲ್ಲಿಯ ಗುಮಾಸ್ತನಿಗೆ ಅವಳ ದನಿಯ ಗುರುತು ಹತ್ತಿತ್ತು. ಇವತ್ತೇನು ಕೇಳಬೇಕಮ್ಮಾ ಎನ್ನುತ್ತಿದ್ದ. ನಾಳೆ ಬೆಳಿಗ್ಗೆ ಪಾಲಿಶಕ್ಕನಿಗೆ ಹೇಳಲು ಒಂದು ಹೊಸ ಸಂಗತಿ ಸಿಕ್ಕಿತೆಂದರೆ ಆ ಸಂಜೆ ಹೇಗೋ ಕಳೆಯುತ್ತಿತ್ತು. ಕಷ್ಟವಾಗುತ್ತಿದ್ದುದು ರಜೆಯ ದಿನದ ಮಧ್ಯಾಹ್ನ. ಕೆಳಗಿನ ಟೈರಿನಂಗಡಿಯೂ ಮುಚ್ಚಿರುತ್ತಿತ್ತು. ಇಡೀ ದಿನ ತನ್ನ ಬಾಯಿಂದ ಒಂದು ಮಾತೂ ಹೊರಟಿಲ್ಲ ಎಂದು ಹೊಳೆದಾಗ ಅವಳಿಗೆ ಒಂಥರಾ ಹೆದರಿಕೆಯಾಗುತ್ತಿತ್ತು.

ಆ ಹಡಗಿನಲ್ಲಿ ಒಂದು ನಿಯಮವಿತ್ತು. ಕೋಣೆಗೆ ಇಬ್ಬರು, ಒಂಟಿಯಾಗಿ ಹೋಗುವವರು ಎರಡೂ ಹಾಸಿಗೆಯ ದುಡ್ಡು ತೆರಬೇಕು, ಇಲ್ಲವೇ ಯಾರೋ ಗುರುತಿಲ್ಲದವರ ಜೊತೆ ಮಲಗಬೇಕು. ಗುಮಾಸ್ತ ಇದನ್ನು ಹೇಳಿದಾಗ ಮೇಣದಮ್ಮ ತನಗೆ ಆ ತಾಪತ್ರಯವಿಲ್ಲ, ನಾವು ಇಬ್ಬರಿದ್ದೇವೆ ಎಂದಿದ್ದಳು. ಹಾಗೆ ಹೇಳಿದ್ದು ಅವಳ ನಾಲಿಗೆಗೆ ರುಚಿಯಾಗಿತ್ತು. ಬೇಕೆಂದೇ ಇನ್ನೊಮ್ಮೆ ಫೋನ್ ಮಾಡಿ, ಇಬ್ಬರಿಗಾದರೆ ಎಷ್ಟಾಗುತ್ತದೆ ಎಂದು ಗೊತ್ತಿದ್ದದ್ದನ್ನೇ ಕೇಳಿದ್ದೂ ಉಂಟು.

ಹೀಗೆ ವರ್ಷಗಳು ಹೋದವು. ಈ ವರ್ಷ ಸೆಕೆ ಏರುವ ಹೊತ್ತಿಗೆ ಪಾಲಿಶಕ್ಕನ ವರಸೆ ಬದಲಾಯಿತು. ತಮಾಷೆ ಬಿಟ್ಟು ಪ್ರಶ್ನೆ ಕೇಳಲು ಶುರುಮಾಡಿದಳು. ಹಡಗು ಯಾವತ್ತು ಹೊರಡುತ್ತದೆ? ಮುಂಗಡ ಕಟ್ಟಬೇಕಾ? ಏಣಿ ಕಡಿದಾಗಿದೆಯಾ, ಮಂಡಿನೋವಿದ್ದವರು ಹತ್ತಬಹುದಾ? ಅಲ್ಲಿ ಫೋನಿಗೆ ಸಿಗ್ನಲ್ ಸಿಗುತ್ತದಾ? ಒಂದೊಂದನ್ನೂ ಎರಡೆರಡು ಸಲ ಕೇಳಿ ತಿಳಿದುಕೊಂಡಳು. ಅಕ್ಕ ಈ ಸಲ ನಿಜವಾಗಿಯೂ ಹೊರಟಿದ್ದಾಳೆ ಎಂದುಕೊಂಡಳು ಮೇಣದಮ್ಮ. ಪಾಪ, ಅಕ್ಕನಿಗೆ ಮಂಡಿ ಹಿಡಿದುಕೊಂಡಿದೆ, ನನ್ನ ಹತ್ತಿರ ಹೇಳಿಕೊಂಡಿಲ್ಲ ಎಂದು ಮರುಗಿದಳು. ಆ ಸಂಜೆಯೇ ಗುಮಾಸ್ತನನ್ನು ಕೇಳಿ, ಏಣಿಯ ಪಕ್ಕ ಹಿಡಿದುಕೊಳ್ಳಲು ಹಗ್ಗವಿದೆಯೆಂದು ಖಾತ್ರಿ ಮಾಡಿಕೊಂಡಳು. ಸಿಗ್ನಲ್ ಗುಡ್ಡದ ನೆತ್ತಿಯಲ್ಲಿ ಮಾತ್ರ ಸಿಗುತ್ತದೆ ಎಂದು ಹೇಳಿದಾಗ ಪಾಲಿಶಕ್ಕ, ಅಯ್ಯೋ ಅದೊಂದು ಕಷ್ಟ ಎಂದಳು. ಅಕ್ಕನಿಗೆ ಮನೆಯವರದೇ ಯೋಚನೆ ಎಂದು ಮೇಣದಮ್ಮ ಅದನ್ನೂ ತನಗೆ ಬೇಕಾದ ಹಾಗೆ ಅರ್ಥ ಮಾಡಿಕೊಂಡಳು.

ಇನ್ನೂ ಉಳಿದಿದ್ದ ಅನುಮಾನವನ್ನು ಯಜಮಾನರು ಕಳೆದರು. ಅವಳು ಹಡಗಿನ ತಾರೀಖಿಗೆ ಸರಿಯಾಗಿ ರಜೆ ಕೇಳಲು ಹೋದಾಗ ಅವರು ಕನ್ನಡಕ ಕೆಳಗಿಳಿಸಿ, ಇದೇನು ಒಬ್ಬರಾದ ಮೇಲೆ ಒಬ್ಬರು, ಪಾಲಿಶಕ್ಕನೂ ಮೊನ್ನೆ ಇದೇ ದಿನಗಳನ್ನು ಕೇಳಿದಳು ಎಂದು ಗೊಣಗಿದರು. ಕೊನೆಗೆ, ಹಾಳಾಗಲಿ, ಆ ವಾರ ಊರಿನವರು ಗಂಜಿ ಕುಡಿಯಲಿ ಎಂದು ಒಪ್ಪಿದರು. ಮೇಣದಮ್ಮ ತನ್ನ ಜಾಗಕ್ಕೆ ಬಂದು ಕೂತಾಗ ಲಕ್ಷ್ಯ ತಪ್ಪಿ ಯಾರದೋ ಮುಂದಿನ ಹಲ್ಲು ವಾರೆಯಾಯಿತು. ಅಕ್ಕ ತನಗೆ ಹೇಳದೆ ರಜೆ ಕೇಳಿದ್ದಾಳೆಂದರೆ ತನ್ನನ್ನು ಬೆರಗಾಗಿಸುವ ಹುನ್ನಾರವೇ ಇರಬೇಕು. ಇರಲಿ, ಅದಕ್ಕಿಂತ ಮೊದಲು ನಾನೇ ಅವಳನ್ನು ಬೆರಗಾಗಿಸುತ್ತೇನೆ ಎಂದುಕೊಂಡಳು.

ಆಫೀಸಿಗೆ ಹೋಗಿ ಒಂದು ಕೋಣೆ ಹಿಡಿದಳು. ಟಿಕೆಟ್ಟಿನ ಮೇಲೆ ಒಂದರ ಕೆಳಗೊಂದು ಇಬ್ಬರ ಹೆಸರೂ ಬಂತು. ದಾರಿಯಲ್ಲಿ ಬಿಸಿಲಿಗೆಂದು ಎರಡು ಟೋಪಿ ಕೊಂಡಳು, ಅಕ್ಕನ ತಲೆ ದೊಡ್ಡದು ಎಂದು ಒಂದನ್ನು ದೊಡ್ಡದೇ ಆರಿಸಿದಳು. ಅಣ್ಣ ಫೋನ್ ಮಾಡಿದಾಗ ತಾನೇ ಮೇಲೆಬಿದ್ದು ಸುದ್ದಿ ಹೇಳಿದಳು. ಅವನು ಜೀವಮಾನದಲ್ಲಿ ಮೊದಲ ಸಲ ಮರುಪ್ರಶ್ನೆ ಕೇಳಿದ, ಯಾರ ಜೊತೆ ಎಂದ. ಪಾಲಿಶಕ್ಕನ ಜೊತೆ ಎಂದಳು. ಫೋನ್ ಇಟ್ಟ ಮೇಲೂ ಆ ಮಾತು ಬಾಯಲ್ಲಿ ಸಿಹಿ ಉಳಿದ ಹಾಗಿತ್ತು. ಇಷ್ಟೆಲ್ಲ ಮಾಡಿದವಳು ಅಕ್ಕನನ್ನೇ ಒಂದು ಮಾತು ಕೇಳಬಾರದಿತ್ತೇ? ಕೇಳಬೇಕಿತ್ತು. ಆದರೆ ಹತ್ತಾರು ವರ್ಷ ದಿನಾ ಬೆಳಿಗ್ಗೆ ನಡೆದ ಮಾತುಕತೆಯಲ್ಲಿ ಇನ್ನು ಕೇಳುವುದೇನು ಉಳಿದಿದೆ ಎಂದು ಅವಳಿಗೆ ಅನ್ನಿಸಿತ್ತು. ಟಿಕೆಟ್ಟನ್ನು ಮುಂದಿನ ವಾರ ಸಂಬಳದ ದಿನ ಕೊಡೋಣವೆಂದು ಎತ್ತಿಟ್ಟಳು.

ಸಂಬಳದ ದಿನದ ತನಕ ಹೋಗಲಿಲ್ಲ. ಒಂದು ಬೆಳಿಗ್ಗೆ ಪಾಲಿಶಕ್ಕ ಮುಖ ಊದಿಸಿಕೊಂಡೇ ಬಂದಳು. ಪ್ಲಾಸ್ಟರ್ ಕಲಸುವಾಗಲೂ ನೀರು ಹೆಚ್ಚಾಯಿತು, ಮತ್ತೆ ಪುಡಿ ಹಾಕಿದಳು, ಮತ್ತೆ ಗಂಟಾಯಿತು. ಹೊಯ್ದು ಮುಗಿಸಿ ಸ್ಟೂಲಿನ ಮೇಲೆ ಕುಕ್ಕರಿಸಿದವಳೇ ಶುರುಮಾಡಿದಳು. ನಿನ್ನೆ ಮಗ ಹಡಗಿನ ಆಫೀಸಿಗೆ ಹೋಗಿದ್ದನಂತೆ. ಒಂದೇ ಒಂದು ಕೋಣೆ ಉಳಿದಿದೆಯಂತೆ, ಇಬ್ಬರಿಗೆ. ಹಿಂದಿನ ವಾರ ಇನ್ನೊಂದಿತ್ತು, ಅದನ್ನು ಯಾರೋ ಪುಣ್ಯಾತ್ಮರು ಹೊಡೆದುಕೊಂಡು ಹೋಗಿದ್ದಾರೆ. ಈಗ ಏನು ಮಾಡುವುದು, ಗಂಡ ಮೊದಲೇ ಮಂಡಿನೋವು ಎಂದು ಗೊಣಗುತ್ತಿದ್ದವರು ಹೊಸ ಚಪ್ಪಲಿ ಬೇರೆ ಕೊಂಡಿದ್ದಾರೆ, ಸೊಸೆ ರಜೆ ಹಾಕಿಯಾಗಿದೆ.

"ಎಲ್ಲಾದ್ರೂ ಹೋಗೋಣ ಅಂತ ಮಗನೇ ಅಂದ ಕಣೇ. ನಾನೇ ಹೇಳ್ದೆ, ಒಂದು ದ್ವೀಪ ಇದೆ, ಜಾಸ್ತಿ ಖರ್ಚಿಲ್ಲ, ಎಲ್ಲಾ ನಂಗೊತ್ತು ಅಂತ. ನಾಲ್ಕು ಜನಕ್ಕೆ ಎರಡು ಕೋಣೆ ಬೇಕಿತ್ತು, ಈಗ ನೋಡು."

ಮೇಣದಮ್ಮ ಮನಸ್ಸಿನಲ್ಲೇ ಎಣಿಸಿದಳು. ಪಾಲಿಶಕ್ಕ, ಅವಳ ಗಂಡ, ಮಗ, ಸೊಸೆ. ಬೇಕೆಂದೇ ಇನ್ನೊಂದು ಸಲ ಎಣಿಸಿದಳು, ಅಷ್ಟೇ ಬಂತು. ಮಂಡಿ ಯಾರದು, ಸಿಗ್ನಲ್ ಯಾರಿಗೆ ಬೇಕಿತ್ತು, ರಜೆಯನ್ನು ಯಾಕೆ ಹೇಳದೆ ಕೇಳಿದ್ದಳು, ಒಂದೊಂದಾಗಿ ಎಲ್ಲವೂ ತಾವೇ ಬಂದು ತಮ್ಮ ತಮ್ಮ ಜಾಗದಲ್ಲಿ ಕೂತವು. ಪಾಲಿಶಕ್ಕ ಬೇಕೆಂದು ಏನನ್ನೂ ಮುಚ್ಚಿಟ್ಟಿರಲಿಲ್ಲ. ಹೇಳಬೇಕಾದ ಸಂಗತಿ ಎಂದು ಅವಳಿಗೆ ಹೊಳೆದೇ ಇರಲಿಲ್ಲ.

"ಆ ಕೋಣೆ ಹಿಡಿದೋಳು ನಾನೇ ಅಕ್ಕ," ಎಂದಳು ಮೇಣದಮ್ಮ. "ಒಂದು ಹಾಸಿಗೆ ನಂಗೆ, ಒಂದು ನಿಂಗೆ."

ಪಾಲಿಶಕ್ಕ ಮೊದಲು ನಕ್ಕಳು, ಇದೂ ಒಂದು ತಮಾಷೆ ಇರಬೇಕೆಂದು. ಎದುರಿಗಿದ್ದವಳು ನಗಲಿಲ್ಲ. ಆಗ ಅವಳ ಕೈ ಬಾಯಿಗೆ ಹೋಯಿತು, ಕೈಯಲ್ಲಿದ್ದ ಪ್ಲಾಸ್ಟರ್ ಗಲ್ಲಕ್ಕೆ ಅಂಟಿತು. ಅದನ್ನು ಉಜ್ಜಿ ಉಜ್ಜಿ ಒರೆಸಿಕೊಂಡಳು.

"ನಾನು ಅದು ಪ್ಲಾಸ್ಟರ್ ಗಟ್ಟಿಯಾಗೋವರೆಗಿನ ಮಾತು ಅಂದ್ಕೊಂಡಿದ್ದೆ ಕಣೇ," ಎಂದಳು ಕೊನೆಗೆ.

ಅವಳು ಕೆಟ್ಟವಳಲ್ಲ. ಕೆಟ್ಟವಳಾಗಿದ್ದಿದ್ದರೆ ಕೆಲಸ ಸಲೀಸಾಗುತ್ತಿತ್ತು, ನಾಲ್ಕು ಬೈದು ಬೆನ್ನು ತಿರುಗಿಸಬಹುದಿತ್ತು. ಅವಳಿಗೆ ಮೇಣದಮ್ಮನ ಮೇಲೆ ಅಕ್ಕರೆಯಿತ್ತು, ನಿಜವಾದ ಅಕ್ಕರೆಯೇ. ಮನೆಗೆ ಹೋಗಿ ಉಳಿದವರಿಗೆಲ್ಲ ಹಂಚಬೇಕಾದ್ದರಿಂದ ಅದರಲ್ಲಿ ಇವಳ ಪಾಲಿಗೆ ಬಂದದ್ದು ದಿನಕ್ಕೆ ಪ್ಲಾಸ್ಟರ್ ಗಟ್ಟಿಯಾಗುವಷ್ಟು ಹೊತ್ತಿನದು ಮಾತ್ರ. ಇವಳ ಹತ್ತಿರ ಹಂಚಲು ಬೇರೆ ಯಾರೂ ಇರಲಿಲ್ಲವಾದ್ದರಿಂದ ಇಡಿಗಂಟನ್ನೇ ತಂದು ಅವಳ ಮಡಿಲಿಗೆ ಸುರಿದಿದ್ದಳು.

ನೀವೇ ತೆಗೆದುಕೊಂಡು ಹೋಗಿ ಎಂದಳು ಮೇಣದಮ್ಮ. ನನಗೇನು, ಯಾವಾಗ ಬೇಕಾದರೂ ಹೋಗಬಹುದು ಎಂದಳು. ಈ ಮಾತನ್ನು ಜನ ಹೇಗೆ ಹೇಳುತ್ತಾರೋ ಹಾಗೆಯೇ ಹೇಳಿದ್ದು: ಎದುರಿನವರು ಛೇ ಛೇ ಬೇಡ ಎನ್ನುತ್ತಾರೆ, ಇವರು ಇಲ್ಲ ಇಲ್ಲ ಎನ್ನುತ್ತಾರೆ, ಆ ಎಳೆದಾಟದಲ್ಲಿ ಏನೋ ಒಂದು ಗಾಯ ಮಾಯುತ್ತದೆ. ಪಾಲಿಶಕ್ಕ ಒಂದೇ ಒಂದು ಸಲ ಬೇಡವೆಂದಿದ್ದರೆ ಸಾಕಿತ್ತು.

"ನಿಜವಾಗ್ಲೂ ಕೊಡ್ತೀಯಾ?" ಎಂದಳು ಪಾಲಿಶಕ್ಕ. ಅವಳ ಮುಖ ಅರಳಿಬಿಟ್ಟಿತು.

ಅಷ್ಟರಲ್ಲಿ ಪ್ಲಾಸ್ಟರ್ ಯಾವಾಗಲೋ ತಣ್ಣಗಾಗಿತ್ತು. ಬಿಡಿಸಿಕೊಳ್ಳಲು ಹೋದರೆ ಅಚ್ಚಿಗೆ ಕಚ್ಚಿಕೊಂಡು ಒಂದು ದವಡೆ ನಡುವೆ ಮುರಿಯಿತು. ಯಾರೋ ಪಾಪದವರು ಇನ್ನೊಮ್ಮೆ ಬಾಯಿ ತೆರೆದು ಅಚ್ಚು ಕೊಡಬೇಕಾಯಿತು. ಯಜಮಾನರು ಇಬ್ಬರಿಗೂ ಸೇರಿಸಿ ಬೈದರು.

ಮರುದಿನ ಸಂಜೆ ಪಾಲಿಶಕ್ಕ ಮಗನ ಜೊತೆ ಟಿಕೆಟ್ಟಿಗೆಂದು ಟೈರಿನಂಗಡಿಯ ಮೇಲಿನ ಕೋಣೆಗೆ ಬಂದಳು. ಇಷ್ಟು ವರ್ಷಗಳಲ್ಲಿ ಅವಳು ಆ ಮೆಟ್ಟಿಲು ಹತ್ತಿದ್ದು ಅದೇ ಮೊದಲು. ಇಷ್ಟು ಹತ್ತಿರ ಇದ್ದೀಯಲ್ಲೇ, ಎಷ್ಟು ಅಚ್ಚುಕಟ್ಟಾಗಿ ಇಟ್ಟುಕೊಂಡಿದ್ದೀಯ ಎಂದು ಗೋಡೆಗಳನ್ನೆಲ್ಲ ನೋಡಿದಳು. ಮೇಣದಮ್ಮ ಚಹಾ ಮಾಡಿದಳು. ಮನೆಯಲ್ಲಿದ್ದುದು ಎರಡೇ ಲೋಟ, ತಾನು ಬಟ್ಟಲಿನಲ್ಲಿ ಕುಡಿದಳು. ಮಗ ಒಳ್ಳೆಯ ಹುಡುಗ, ಆಂಟಿ ಆಂಟಿ ಎನ್ನುತ್ತಾ ತುಂಬ ಮರ್ಯಾದೆಯಿಂದ ಮಾತಾಡಿದ. ದುಡ್ಡನ್ನು ಸ್ವಲ್ಪ ಹೆಚ್ಚಿಗೆ ಇಟ್ಟದ್ದನ್ನು ಅವಳು ತಿರುಗಿ ಕೊಟ್ಟಳು. ಟಿಕೆಟ್ಟನ್ನು ಬೆಳಕಿಗೆ ಹಿಡಿದು ಓದಿದವನು ನಿರಾಳವಾದ.

"ಅಮ್ಮನ ಹೆಸರು ಹೇಗೂ ಇದೆ. ನಿಮ್ಮ ಹೆಸರಿರೋ ಕಡೆ ಅಪ್ಪಂದು ಹಾಕ್ಸಿದ್ರೆ ಆಯ್ತು, ಕೆಲ್ಸ ಸುಲಭ," ಎಂದ.

ಹುಡುಗ ಲೆಕ್ಕ ಸರಿಯಾಗಿಯೇ ಹೇಳಿದ. ಪಾಲಿಶಕ್ಕ ಮಗನ ಕೈಯನ್ನು ಮೆಲ್ಲಗೆ ಚಿವುಟಿದ್ದು ಮೇಣದಮ್ಮನಿಗೆ ಕಾಣಿಸಿತು. ಕಾಣದವಳ ಹಾಗೆ ಅವಳು ಬಾವಿ ಎಲ್ಲಿದೆ, ವಿಧವೆಯ ಮನೆಯಲ್ಲಿ ಯಾವ ಕಿಟಕಿಯ ಪಕ್ಕ ಮಲಗಬೇಕು, ಯಾವ ದಡದಲ್ಲಿ ನೀರಿಗೆ ಇಳಿಯಬಾರದು ಎಂದು ಒಂದೂ ಬಿಡದೆ ಹೇಳಿದಳು. ಹುಡುಗ ಎಲ್ಲವನ್ನೂ ಫೋನಿನಲ್ಲಿ ಗುರುತು ಹಾಕಿಕೊಂಡ. ಅಷ್ಟು ವರ್ಷದ ಸಂಜೆಗಳು ಒಂದು ಲೋಟ ಚಹಾ ಆರುವಷ್ಟರಲ್ಲಿ ಹೇಳಿ ಮುಗಿದವು. ಬಾಗಿಲಲ್ಲಿ ಪಾಲಿಶಕ್ಕ ಅವಳ ಕೈ ಹಿಡಿದು, ನಾವಿಬ್ಬರೂ ಇನ್ನೊಂದು ಸಲ ಹೋಗೋಣ ಎಂದಳು. ಮೇಣದಮ್ಮ ಹೂಂ ಎಂದಳು.

ಅವರು ದ್ವೀಪಕ್ಕೆ ಹೋದ ವಾರ ಅವಳು ರಜೆಯನ್ನು ರದ್ದು ಮಾಡಿ ಕೆಲಸಕ್ಕೆ ಬಂದಳು. ಊರಿನವರ ಬಾಯಿಗೆ ಹಲ್ಲು ಬಂತು ಎಂದು ಯಜಮಾನರಿಗೆ ಖುಷಿ. ಪ್ಲಾಸ್ಟರ್ ಹೊಯ್ದು ಎದುರಿನ ಖಾಲಿ ಸ್ಟೂಲನ್ನು ನೋಡುತ್ತಾ ಕೂತರೆ ಹೊತ್ತು ಹೋಗುತ್ತಲೇ ಇರಲಿಲ್ಲ. ಅದು ಗಟ್ಟಿಯಾಗಲು ಇಷ್ಟು ಸಮಯ ಬೇಕೆಂದು ಅವಳಿಗೆ ಅಷ್ಟು ವರ್ಷ ಗೊತ್ತೇ ಆಗಿರಲಿಲ್ಲ. ಬೇಡವೆಂದರೂ ಮನಸ್ಸು ಅವರ ಹಿಂದೆಯೇ ಹೋಗುತ್ತಿತ್ತು. ಈಗ ಧಕ್ಕೆಯಲ್ಲಿ ಸಿಲಿಂಡರು ಇಳಿಸುತ್ತಿರುತ್ತಾರೆ. ಈಗ ಬಾವಿಯ ಹತ್ತಿರ ಇರುತ್ತಾರೆ. ಈಗ ಅಕ್ಕ ಮೊಟ್ಟೆ ಬೇಯಿಸುತ್ತಾ ಗಂಡನನ್ನು ಬೈಯುತ್ತಿರುತ್ತಾಳೆ. ಒಂದು ಬೆಳಿಗ್ಗೆ ಹಡಗು ಕೆಟ್ಟು ನಡುನೀರಿನಲ್ಲಿ ನಿಲ್ಲಲಿ ಎಂದು ಬಯಸಿದಳು, ಮುಳುಗುವುದು ಬೇಡ, ಸುಮ್ಮನೆ ಒಂದು ದಿನ ನಿಂತರೆ ಸಾಕು. ಬಯಸಿದ್ದಕ್ಕೆ ನಾಚಿಕೆಯಾಗಿ ಎದ್ದು ನಲ್ಲಿಯಲ್ಲಿ ಮುಖ ತೊಳೆದುಕೊಂಡಳು. ಅಳು ಬಂತು, ತಡೆಯಲಿಲ್ಲ. ಮಾಸ್ಕು ಏರಿಸಿಕೊಂಡು ಮೋಟರು ಹಾಕಿದರೆ ಅತ್ತದ್ದು ಯಾರಿಗೂ ಗೊತ್ತಾಗುವುದಿಲ್ಲ, ಆ ಕೆಲಸದಲ್ಲಿ ಅದೊಂದು ಅನುಕೂಲವಿತ್ತು.

ಪಾಲಿಶಕ್ಕ ಬಿಸಿಲಿಗೆ ಕಪ್ಪಾಗಿ, ಮೂಗಿನ ಸಿಪ್ಪೆ ಸುಲಿದು, ದನಿ ಒಡೆದು ವಾಪಸು ಬಂದಳು. ಮೊದಲ ಬೆಳಿಗ್ಗೆ ಪ್ಲಾಸ್ಟರ್ ಹೊಯ್ದದ್ದೇ ತಡ, ಹೇಳಿದ್ದೇ ಹೇಳಿದ್ದು. ಗಂಡ ಏಣಿಯಲ್ಲಿ ಹಗ್ಗ ಹಿಡಿದು ಮಗುವಿನ ಹಾಗೆ ಹತ್ತಿದ್ದು, ಸೊಸೆ ಸಿಗ್ನಲ್ಲಿಗೆಂದು ದಿನಕ್ಕೆರಡು ಸಲ ಗುಡ್ಡ ಹತ್ತಿ ಇಳಿದು ತೆಳ್ಳಗಾದದ್ದು, ವಿಧವೆಯ ಮನೆಯ ಕಿಟಕಿಯಿಂದ ಬೆಳದಿಂಗಳು ನೆಲದ ಮೇಲೆ ಬೀಳುತ್ತಿದ್ದುದು. ಮೇಣದಮ್ಮನಿಗೆ ನೋವಾಗಬಾರದೆಂದು ನಡುನಡುವೆ ತಡೆದು, ಎಲ್ಲಿ ಹೋದರೂ ನಿನ್ನದೇ ನೆನಪು ಎನ್ನುತ್ತಿದ್ದಳು. ಅದು ಸುಳ್ಳಿರಲಿಕ್ಕಿಲ್ಲ.

"ಎಲ್ಲಾ ನೀನು ಹೇಳಿದ ಹಾಗೇ ಇತ್ತು ಕಣೇ. ಒಂದು ಚೂರೂ ವ್ಯತ್ಯಾಸ ಇಲ್ಲ."

ಮೇಣದಮ್ಮ ನಕ್ಕಳು. ಮೂರ್ನಾಲ್ಕು ದಿನಕ್ಕೆ ಆ ಸುದ್ದಿಯೂ ಖಾಲಿಯಾಯಿತು. ನೋಡಿ ಬಂದ ಜಾಗಕ್ಕೆ ಸೋಪು ಅರ್ಧ ಮಾಡುವ ಜಗಳ ಹೊಂದುವುದಿಲ್ಲ. ಒಂದು ಬೆಳಿಗ್ಗೆ ಪಾಲಿಶಕ್ಕ ಅಳುಕುತ್ತಲೇ, ಬೇರೆ ಯಾವುದಾದರೂ ಜಾಗ ಹುಡುಕೋಣವಾ, ಹಿಮ ಬೀಳುವ ಕಡೆ ಎಂದಳು. ನೀನೇ ಹುಡುಕಕ್ಕ ಎಂದಳು ಮೇಣದಮ್ಮ. ಪಾಲಿಶಕ್ಕ ಖಂಡಿತ ಎಂದಳು. ಅವಳು ಹುಡುಕುವುದಿಲ್ಲವೆಂದು ಇಬ್ಬರಿಗೂ ಗೊತ್ತಿತ್ತು. ಅಚ್ಚು ಬೆಚ್ಚಗಾಗಿ ತಣ್ಣಗಾಗುವ ತನಕ ಇಬ್ಬರೂ ಅದನ್ನೇ ಮುಟ್ಟಿ ಮುಟ್ಟಿ ನೋಡುತ್ತಾ ಕೂತರು.

ಆ ವಾರದ ರಜೆಯ ದಿನ, ಕೆಳಗಿನ ಅಂಗಡಿ ಮುಚ್ಚಿದ್ದ ಮಧ್ಯಾಹ್ನ, ಮೇಣದಮ್ಮ ಹಡಗಿನ ಆಫೀಸಿಗೆ ಫೋನ್ ಮಾಡಿದಳು. ಬೆಳಿಗ್ಗೆಯಿಂದ ಅವಳು ಆಡಿದ ಮೊದಲ ಮಾತು ಅದು. ದನಿ ಸರಿಯಾಗಿ ಹೊರಡಲಿಲ್ಲ, ಗಂಟಲು ಸರಿಮಾಡಿಕೊಂಡು ಮತ್ತೆ ಹೇಳಿದಳು. ಗುಮಾಸ್ತನಿಗೆ ಆಗ ಗುರುತು ಸಿಕ್ಕಿತು. ಏನಮ್ಮಾ, ಹೋಗಿ ಬಂದಿರಾ ಎಂದ. ಇಲ್ಲ, ಮುಂದಿನ ಹಡಗಿಗೆ ಒಂದು ಹಾಸಿಗೆ ಬೇಕು ಎಂದಳು. ಒಂದಾ ಎಂದು ಅವನು ಕೇಳಿದ. ಒಂದು ಎಂದಳು. ಎರಡನೆಯ ಹಾಸಿಗೆಗೆ ಯಾರಾದರೂ ಒಂಟಿ ಹೆಂಗಸು ಬಂದರೆ ಹಾಕಿ, ಪರವಾಗಿಲ್ಲ ಎಂದಳು. ಯಾರು ಬರುತ್ತಾರೋ ಹೇಗೋ, ಗೊರಕೆ ಹೊಡೆಯುವವರು ಸಿಕ್ಕರೆ ಆಮೇಲೆ ನನ್ನನ್ನು ಬೈಯಬೇಡಿ ಎಂದು ಅವನು ಎಚ್ಚರಿಸಿದ. ಬೈಯುವುದಿಲ್ಲ ಎಂದಳು. ಈ ಹೊತ್ತಿನಲ್ಲಿ ಅವಳಿಗೆ ಪಕ್ಕದ ಹಾಸಿಗೆಯಲ್ಲಿ ಯಾರಾದರೂ ಗೊರಕೆ ಹೊಡೆದರೆ ಅದೂ ಆದೀತು ಅನ್ನಿಸಿತ್ತು.

ಅವನು ಹೆಸರು ಬರೆದುಕೊಂಡ, ವಯಸ್ಸು ಬರೆದುಕೊಂಡ. ದಾರಿಯಲ್ಲಿ ಹೆಚ್ಚುಕಮ್ಮಿಯಾದರೆ ತಿಳಿಸಲು ಯಾರದಾದರೂ ನಂಬರು ಬೇಕು, ಒಂಟಿಯಾಗಿ ಹೋಗುವವರಿಂದ ತೆಗೆದುಕೊಳ್ಳಲೇಬೇಕು ಎಂದ. ಅಣ್ಣನ ನಂಬರನ್ನು ಫೋನಿನಲ್ಲಿ ಹುಡುಕಿ ತೆಗೆಯಬೇಕಿತ್ತು. ಬಾಯಿಗೆ ತಾನಾಗಿ ಬಂದ ನಂಬರು ಜಗತ್ತಿನಲ್ಲಿ ಒಂದೇ ಇತ್ತು. ಅವಳು ಅದನ್ನೇ ಹೇಳಿದಳು. ಹೆಸರು ಕೇಳಿದ, ಹೆಸರನ್ನೂ ಹೇಳಿದಳು.

"ಇವರು ನಿಮಗೇನಾಗ್ಬೇಕು?" ಎಂದ ಗುಮಾಸ್ತ.

ಅವಳಿಗೆ ಕೇಳಿಸಲಿಲ್ಲವೇನೋ ಎಂದು ಅವನು, ಅಕ್ಕ ಅಂತ ಬರೆದುಕೊಳ್ಳಲಾ ಎಂದು ತಾನೇ ಕೇಳಿದ. ಹೆಂಗಸರಿಗೆ ಸಾಮಾನ್ಯವಾಗಿ ಅಕ್ಕನೋ ತಂಗಿಯೋ ಇರುತ್ತಾರೆ, ಅವನಿಗೆ ಅಷ್ಟೇ ಅಂದಾಜು.

"ಅಲ್ಲ," ಎಂದಳು ಮೇಣದಮ್ಮ. "ಜೊತೇಲಿ ಕೆಲಸ ಮಾಡ್ತಾರೆ."